ಲೇಸರ್ ಬೆಳಕಿನ ಫೇಸ್ ಯಾಕೆ ಒಂದೇ ಕಡೆ ನಿಲ್ಲುವುದಿಲ್ಲ

1981ರಲ್ಲಿ ಅಮೆರಿಕದ ಎಂಐಟಿ ಲಿಂಕನ್ ಲ್ಯಾಬೊರೇಟರಿಯಲ್ಲಿ ಫ್ಲೆಮಿಂಗ್ ಮತ್ತು ಮೂರಾಡಿಯನ್ ಎಂಬ ಇಬ್ಬರು ಒಂದು ಸಣ್ಣ ಸೆಮಿಕಂಡಕ್ಟರ್ ಲೇಸರಿನ ಬೆಳಕು ಎಷ್ಟು ಶುದ್ಧವಾಗಿದೆ ಅಂತ ಅಳೆದು ನೋಡಿದರು. ಅಲ್ಯುಮಿನಿಯಂ ಗ್ಯಾಲಿಯಂ ಆರ್ಸೆನೈಡ್‌ನಿಂದ ಮಾಡಿದ ಲೇಸರ್ ಅದು. ಒಂದೊಂದು ಮುಖದಿಂದ 1 ಮಿಲಿವಾಟ್ ಬೆಳಕು ಬರುವಾಗ ಅದರ ಲೈನ್‌ವಿಡ್ತ್, ಅಂದರೆ ಬಣ್ಣದ ಗೆರೆಯ ಅಗಲ, 114 ಮೆಗಾಹರ್ಟ್ಸ್ ಬಂತು. ಪವರ್ ಜಾಸ್ತಿ ಮಾಡಿದಷ್ಟೂ ಈ ಅಗಲ ಕಡಿಮೆಯಾಗುತ್ತಿತ್ತು. ಪವರ್ ಎರಡು ಪಟ್ಟಾದರೆ ಅಗಲ ಅರ್ಧ. ಇಲ್ಲಿಯವರೆಗೆ ಎಲ್ಲ ಪುಸ್ತಕದಲ್ಲಿ ಇದ್ದ ಹಾಗೆಯೇ. ತೊಂದರೆ ಇದ್ದದ್ದು ಅಂಕಿಯಲ್ಲಿ. ಆಗಿನ ಸಿದ್ಧಾಂತ ಹೇಳುತ್ತಿದ್ದುದಕ್ಕಿಂತ ಅದು ಸುಮಾರು 30 ಪಟ್ಟು ಜಾಸ್ತಿ ಇತ್ತು. ಎರಡು ಮೂರು ಪಟ್ಟು ಆಗಿದ್ದರೆ ಅಳತೆ ಸರಿಯಿಲ್ಲ, ಸ್ಯಾಂಪಲ್ ಸರಿಯಿಲ್ಲ ಅಂತ ಏನೋ ಹೇಳಿ ಮುಗಿಸಬಹುದಿತ್ತು. 30 ಪಟ್ಟು ಅಂದರೆ ಸಿದ್ಧಾಂತದಲ್ಲೇ ಏನೋ ಬಿಟ್ಟುಹೋಗಿದೆ ಅಂತ ಅರ್ಥ, ಅಲ್ವಾ?

ಬಿಟ್ಟುಹೋಗಿದ್ದು ಏನು ಅಂತ ನೋಡುವುದಕ್ಕೆ ಮೊದಲು ಲೈನ್‌ವಿಡ್ತ್ ಅಂದರೆ ಏನು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ. ಫೈಬರ್ ಇಂಟರ್ನೆಟ್‌ನಲ್ಲಿ ಬಳಸುವ 1550 ನ್ಯಾನೋಮೀಟರ್ ಬೆಳಕನ್ನೇ ತಗೊಳ್ಳಿ. ಅದು ಸೆಕೆಂಡಿಗೆ ಸುಮಾರು 193 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಆ ಕಂಪನ ಒಂದಿಷ್ಟೂ ಹೆಚ್ಚುಕಡಿಮೆ ಆಗದೆ ಹಾಗೇ ನಡೆಯುತ್ತಾ ಹೋದರೆ, ಸ್ಪೆಕ್ಟ್ರಮ್‌ನಲ್ಲಿ ಅದು ಅಗಲವೇ ಇಲ್ಲದ ಒಂದು ಗೆರೆಯಾಗಿ ಕಾಣಬೇಕು. ಯಾವ ಲೇಸರೂ ಹಾಗಿರುವುದಿಲ್ಲ. ಗೆರೆ ಸ್ವಲ್ಪ ಹರಡಿಕೊಂಡು ಗುಡ್ಡದ ಆಕಾರದಲ್ಲಿರುತ್ತದೆ. ಆ ಗುಡ್ಡದ ಅರ್ಧ ಎತ್ತರದಲ್ಲಿ ಅಳೆದ ಅಗಲವೇ ಲೈನ್‌ವಿಡ್ತ್. ಒಂದು ಸಾಮಾನ್ಯ ಡಿಎಫ್‌ಬಿ (ಒಂದೇ ಬಣ್ಣದ ಬೆಳಕು ಕೊಡುವಂತೆ ಮಾಡಿದ ಸೆಮಿಕಂಡಕ್ಟರ್) ಲೇಸರಿನಲ್ಲಿ ಇದು ಒಂದರಿಂದ ಹತ್ತು ಮೆಗಾಹರ್ಟ್ಸ್ ಇರುತ್ತದೆ. 1 ಮೆಗಾಹರ್ಟ್ಸ್ ಅಂದರೆ ಒಟ್ಟು ಫ್ರೀಕ್ವೆನ್ಸಿಯ ನೂರು ಕೋಟಿ ಭಾಗದಲ್ಲಿ ಐದು ಭಾಗ ಅಷ್ಟೇ. ಕೇಳಿದರೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಇಷ್ಟೇ ಇಷ್ಟು ಹರಡುವಿಕೆಯಿಂದ ದೊಡ್ಡ ದೊಡ್ಡ ಸಿಸ್ಟಮ್‌ಗಳು ಕೆಡುತ್ತವೆ.

ಗೆರೆ ಯಾಕೆ ಹರಡುತ್ತದೆ? ಲೇಸರಿನೊಳಗೆ ಸುಮ್ನೆ ಹಲವು ಬಣ್ಣ ಬೆರೆತುಕೊಂಡಿವೆ ಅಂತಲ್ಲ. ಇರುವುದು ಒಂದೇ ಅಲೆ, ಆದರೆ ಆ ಅಲೆಯ ಫೇಸ್ ಅತ್ತಿತ್ತ ಅಲೆದಾಡುತ್ತಿರುತ್ತದೆ. ಅಲೆ ಈಗ ಏರುತ್ತಿದೆಯಾ, ಇಳಿಯುತ್ತಿದೆಯಾ, ಸುತ್ತಿನಲ್ಲಿ ಎಲ್ಲಿಗೆ ಬಂದಿದೆ ಅನ್ನುವುದೇ ಫೇಸ್. ಒಂದು ಕ್ಷಣದ ಫೇಸ್ ಗೊತ್ತಿದ್ದರೆ, ಇನ್ನೊಂದು ನ್ಯಾನೋಸೆಕೆಂಡ್ ಆದ ಮೇಲೆ ಅದು ಎಲ್ಲಿರುತ್ತದೆ ಅಂತ ಚೆನ್ನಾಗಿಯೇ ಹೇಳಬಹುದು. ಒಂದು ಮಿಲಿಸೆಕೆಂಡ್ ಆದ ಮೇಲೆ ಎಲ್ಲಿರುತ್ತದೆ ಅಂತ ಹೇಳಲು ಆಗುವುದೇ ಇಲ್ಲ. ಈ ಅಲೆದಾಟವೇ ಫೇಸ್ ನಾಯ್ಸ್. ಲೈನ್‌ವಿಡ್ತ್ ಅನ್ನುವುದು ಅದನ್ನು ಹೇಗೋ ಒಂದು ಅಂಕಿಗೆ ಇಳಿಸಿ ಹೇಳುವ ಪ್ರಯತ್ನ. ಆ ಒಂದು ಅಂಕಿಯಲ್ಲಿ ಎಷ್ಟೋ ವಿಷಯ ಕಳೆದುಹೋಗುತ್ತದೆ ಅನ್ನುವುದು ನನ್ನ ತಕರಾರು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಲೇಸರಿನ ಒಳಗೆ ಹೋಗೋಣ. ಲೇಸರ್ ನಡೆಯುವುದು ಪ್ರಚೋದಿತ ಉತ್ಸರ್ಜನೆಯಿಂದ. ಅಂದರೆ ಒಂದು ಫೋಟಾನ್ ಹಾದುಹೋಗುವಾಗ ಎಲೆಕ್ಟ್ರಾನನ್ನು ಕೆಳಗಿಳಿಸಿ ತನ್ನದೇ ಫೇಸಿನ ಇನ್ನೊಂದು ಫೋಟಾನನ್ನು ಹೊರಡಿಸುತ್ತದೆ. ಇದರ ಜೊತೆಗೆ ಸ್ವಯಂ ಉತ್ಸರ್ಜನೆಯೂ ನಡೆಯುತ್ತಲೇ ಇರುತ್ತದೆ. ಕೆಲವು ಎಲೆಕ್ಟ್ರಾನ್‌ಗಳು ಯಾರೂ ಹೇಳದೆ ತಾವಾಗಿಯೇ ಕೆಳಗಿಳಿದು ಫೋಟಾನ್ ಬಿಡುತ್ತವೆ, ಅದರ ಫೇಸ್ ಯಾವುದು ಬೇಕಾದರೂ ಆಗಿರಬಹುದು. ಇದನ್ನು ನಿಲ್ಲಿಸುವುದಕ್ಕೆ ಆಗುವುದಿಲ್ಲ. ಎಷ್ಟೇ ಒಳ್ಳೆಯ ಲೇಸರ್ ಮಾಡಿದರೂ ಇದು ಇದ್ದೇ ಇರುತ್ತದೆ.

ಲೇಸರಿನ ಅಲೆಯನ್ನು ಕಾಗದದ ಮೇಲೆ ಒಂದು ಬಾಣದ ಹಾಗೆ ಬರೆದುಕೊಳ್ಳಿ. ಬಾಣದ ಉದ್ದ ಅಂದರೆ ಅಲೆಯ ಜೋರು, ಬಾಣ ತೋರಿಸುವ ದಿಕ್ಕು ಅಂದರೆ ಫೇಸ್. ತಾನಾಗಿ ಹುಟ್ಟಿದ ಪ್ರತಿ ಫೋಟಾನೂ ಈ ಬಾಣದ ತುದಿಗೆ ಒಂದು ಪುಟ್ಟ ಬಾಣವನ್ನು ಯಾವುದೋ ದಿಕ್ಕಿನಲ್ಲಿ ಸೇರಿಸುತ್ತದೆ. ಅದರಿಂದ ದೊಡ್ಡ ಬಾಣ ಸ್ವಲ್ಪ ಉದ್ದವೋ ಗಿಡ್ಡವೋ ಆಗುತ್ತದೆ, ಸ್ವಲ್ಪ ತಿರುಗುತ್ತದೆ. ಉದ್ದದ ವ್ಯತ್ಯಾಸ ಬೇಗ ಸರಿಹೋಗುತ್ತದೆ. ಬೆಳಕು ಹೆಚ್ಚಾದರೆ ಅದು ಎಲೆಕ್ಟ್ರಾನ್‌ಗಳನ್ನು ಜಾಸ್ತಿ ತಿಂದುಹಾಕುತ್ತದೆ, ಗೇನ್, ಅಂದರೆ ಬೆಳಕನ್ನು ಹೆಚ್ಚಿಸುವ ಶಕ್ತಿ, ಇಳಿಯುತ್ತದೆ, ಬೆಳಕು ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಆದರೆ ತಿರುಗಿದ ಬಾಣವನ್ನು ವಾಪಸ್ ಮೊದಲಿನ ದಿಕ್ಕಿಗೆ ತರುವಂಥದ್ದು ಲೇಸರಿನಲ್ಲಿ ಏನೂ ಇಲ್ಲ. ಗೂಟಕ್ಕೆ ಕಟ್ಟಿದ ಎಮ್ಮೆ ಹಗ್ಗ ಬಿಗಿಯುವಷ್ಟು ದೂರ ಬಂದು ಗೂಟದ ಸುತ್ತ ಎಲ್ಲಿ ಬೇಕಾದರೂ ನಿಂತುಕೊಳ್ಳುವ ಹಾಗೆ ಇದು: ದೂರಕ್ಕೆ ಕಟ್ಟುಪಾಡು ಇದೆ, ದಿಕ್ಕಿಗೆ ಇಲ್ಲ. ಹಾಗಾಗಿ ಒಂದೊಂದು ತಳ್ಳಾಟವೂ ಫೇಸಿನಲ್ಲಿ ಹಾಗೇ ಉಳಿದು ಮುಂದಿನದಕ್ಕೆ ಸೇರಿಕೊಳ್ಳುತ್ತದೆ.

ಇದಕ್ಕೆ ಒಂದು ಅಂದಾಜು ಲೆಕ್ಕ ಹಾಕಿದರೆ ಮಜಾ ಇದೆ. 1550 ನ್ಯಾನೋಮೀಟರಿನಲ್ಲಿ 1 ಮಿಲಿವಾಟ್ ಬೆಳಕು ಅಂದರೆ ಸೆಕೆಂಡಿಗೆ ಸುಮಾರು 78 ಕೋಟಿ ಕೋಟಿ ಫೋಟಾನ್. ಸೊನ್ನೆ ಎಣಿಸುವುದು ಬಿಡಿ, ನಮಗೆ ಬೇಕಾದ್ದು ಲೇಸರಿನೊಳಗೆ ಒಂದು ಹೊತ್ತಿನಲ್ಲಿ ಎಷ್ಟಿವೆ ಅನ್ನುವುದು ಮಾತ್ರ. ಚಿಪ್ಪಿನೊಳಗೆ ಒಂದು ಫೋಟಾನ್ ಇರುವುದು ಬರೀ 2 ಪಿಕೋಸೆಕೆಂಡ್ ಅಂತಿಟ್ಟುಕೊಂಡರೆ, ಒಳಗಿರುವ ಫೋಟಾನ್‌ಗಳು ಸುಮಾರು 15 ಸಾವಿರ. ಬಾಣದ ಉದ್ದ ಇದರ ವರ್ಗಮೂಲ, ಅಂದರೆ ಸುಮಾರು 125. ತಾನಾಗಿ ಹುಟ್ಟಿದ ಒಂದು ಫೋಟಾನಿನ ಬಾಣದ ಉದ್ದ 1. ಅದು ಪೂರ್ತಿ ಅಡ್ಡಕ್ಕೆ ತಳ್ಳಿದರೂ ದೊಡ್ಡ ಬಾಣ ತಿರುಗುವುದು ಅರ್ಧ ಡಿಗ್ರಿಗಿಂತ ಸ್ವಲ್ಪ ಕಡಿಮೆ. ಆದರೆ ಇಂಥ ತಳ್ಳು ಹೆಚ್ಚುಕಡಿಮೆ ಪ್ರತಿ ಪಿಕೋಸೆಕೆಂಡಿಗೆ ಒಂದು ಬೀಳುತ್ತದೆ. ಒಂದು ಮೈಕ್ರೋಸೆಕೆಂಡಿನಲ್ಲಿ ಹತ್ತು ಲಕ್ಷ ತಳ್ಳು. ಅವು ಎಡಕ್ಕೂ ಬಲಕ್ಕೂ ಬೀಳುವುದರಿಂದ ಬಹುಪಾಲು ಒಂದನ್ನೊಂದು ವಜಾ ಮಾಡುತ್ತವೆ, ಉಳಿಯುವುದು ಹತ್ತು ಲಕ್ಷದ ವರ್ಗಮೂಲದಷ್ಟು, ಅಂದರೆ ಸಾವಿರ ತಳ್ಳಿನಷ್ಟು. ಎಲ್ಲ ತಳ್ಳೂ ಪೂರ್ತಿ ಅಡ್ಡಕ್ಕೇ ಬೀಳುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡರೆ ಒಂದು ಮೈಕ್ರೋಸೆಕೆಂಡಿನಲ್ಲಿ ಫೇಸ್ ಸುಮಾರು 320 ಡಿಗ್ರಿ ಅಲೆದಿರುತ್ತದೆ. ಹತ್ತಿರ ಹತ್ತಿರ ಒಂದು ಪೂರ್ತಿ ಸುತ್ತು. ಇದನ್ನು ಲೈನ್‌ವಿಡ್ತ್ ಮಾಡಿದರೆ 5 ಮೆಗಾಹರ್ಟ್ಸ್ ಆಸುಪಾಸು ಬರುತ್ತದೆ.

ಇದೇ ಲೆಕ್ಕವನ್ನು ಶಾಲೋ ಮತ್ತು ಟೌನ್ಸ್ 1958ರಲ್ಲೇ ಮಾಡಿದ್ದರು. ಆಗ ಇನ್ನೂ ಲೇಸರ್ ಹುಟ್ಟಿರಲಿಲ್ಲ, ಮೈಮನ್‌ನ ಮಾಣಿಕ್ಯದ ಲೇಸರ್ ಬೆಳಗಿದ್ದು 1960ರಲ್ಲಿ. ಅವರ ಸೂತ್ರದ ಸಾರ ಇಷ್ಟು: ಪವರ್ ಜಾಸ್ತಿ ಆದರೆ ಬಾಣ ಉದ್ದವಾಗುತ್ತದೆ, ಅದೇ ತಳ್ಳು ಅದನ್ನು ಕಡಿಮೆ ತಿರುಗಿಸುತ್ತದೆ, ಲೈನ್‌ವಿಡ್ತ್ ಇಳಿಯುತ್ತದೆ. ಫೋಟಾನ್ ಕನ್ನಡಿಗಳ ನಡುವೆ ಎಷ್ಟು ಹೊತ್ತು ಇರುತ್ತದೆ ಅನ್ನುವುದರ ವರ್ಗದ ಲೆಕ್ಕದಲ್ಲೂ ಇಳಿಯುತ್ತದೆ. ಸೆಮಿಕಂಡಕ್ಟರ್ ಲೇಸರ್ ಸೋಲುವುದು ಈ ಎರಡನೇ ಕಾರಣಕ್ಕೆ. ಹೀಲಿಯಂ-ನಿಯಾನ್ ಲೇಸರಿನಲ್ಲಿ ಕನ್ನಡಿಗಳು ಗೇಣುದ್ದಕ್ಕಿಂತ ದೂರ ಇರುತ್ತವೆ, ಬಿದ್ದ ಬೆಳಕಿನಲ್ಲಿ ನೂರಕ್ಕೆ 99 ಭಾಗ ವಾಪಸ್ ಕಳಿಸುತ್ತವೆ. ಚಿಪ್ ಲೇಸರಿನ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗ. ಅದರ ಕನ್ನಡಿ ಅಂದರೆ ಹರಳನ್ನು ಸೀಳಿದಾಗ ಸಿಗುವ ಮುಖ ಅಷ್ಟೇ, ಅದು ವಾಪಸ್ ಕಳಿಸುವುದು ನೂರಕ್ಕೆ 30. ಮೊದಲನೆಯದರಲ್ಲಿ ಫೋಟಾನ್ ನೂರಾರು ನ್ಯಾನೋಸೆಕೆಂಡ್ ಉಳಿಯುತ್ತದೆ, ಎರಡನೆಯದರಲ್ಲಿ ಒಂದೆರಡು ಪಿಕೋಸೆಕೆಂಡ್. ಅದಕ್ಕೇ ಹೀಲಿಯಂ-ನಿಯಾನ್‌ನಲ್ಲಿ ಈ ಮೂಲ ಲೈನ್‌ವಿಡ್ತ್ 1 ಹರ್ಟ್ಸ್‌ಗಿಂತ ಎಷ್ಟೋ ಕೆಳಗೆ, ಚಿಪ್ಪಿನಲ್ಲಿ ಮೆಗಾಹರ್ಟ್ಸ್‌ಗಳಲ್ಲಿ.

ಸರಿ, ಆದರೆ 5 ಮೆಗಾಹರ್ಟ್ಸ್‌ಗೂ 114 ಮೆಗಾಹರ್ಟ್ಸ್‌ಗೂ ಅಜಗಜಾಂತರ ಇದೆಯಲ್ಲ? ಅಲ್ಲಿಗೆ ಬರೋಣ.

ಉತ್ತರ ಕೊಟ್ಟವರು ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಹೆನ್ರಿ, 1982ರಲ್ಲಿ. ಮೇಲೆ ನಾನು ಬಾಣದ ಉದ್ದ ತಾನಾಗಿ ಸರಿಹೋಗುತ್ತದೆ ಅಂದೆ. ಅದು ನಿಜ, ಆದರೆ ಸರಿಹೋಗುವಾಗ ಏನೆಲ್ಲ ಆಗುತ್ತದೆ ಅನ್ನುವುದನ್ನು ನೋಡಬೇಕು. ಬೆಳಕು ಸ್ವಲ್ಪ ಹೆಚ್ಚಾಯಿತು ಅಂದುಕೊಳ್ಳಿ. ಎಲೆಕ್ಟ್ರಾನ್‌ಗಳ ಸಂಖ್ಯೆ ಸ್ವಲ್ಪ ಇಳಿಯುತ್ತದೆ. ಸೆಮಿಕಂಡಕ್ಟರಿನಲ್ಲಿ ಎಲೆಕ್ಟ್ರಾನ್‌ಗಳ ಸಂಖ್ಯೆ ಬದಲಾದರೆ ಗೇನ್ ಮಾತ್ರ ಬದಲಾಗುವುದಿಲ್ಲ, ವಕ್ರೀಭವನ ಸೂಚ್ಯಂಕವೂ (ಬೆಳಕು ಅದರೊಳಗೆ ಎಷ್ಟು ನಿಧಾನವಾಗುತ್ತದೆ ಅನ್ನುವ ಅಂಕಿ) ಬದಲಾಗುತ್ತದೆ. ಸೂಚ್ಯಂಕ ಬದಲಾದರೆ ಬೆಳಕಿನ ಲೆಕ್ಕದಲ್ಲಿ ಲೇಸರಿನ ಉದ್ದವೇ ಬದಲಾದ ಹಾಗೆ. ಉದ್ದ ಬದಲಾದರೆ ಫ್ರೀಕ್ವೆನ್ಸಿ ಬದಲಾಗುತ್ತದೆ. ಬೆಳಕೂ ಎಲೆಕ್ಟ್ರಾನ್‌ಗಳೂ ಕೆಲವು ಗಿಗಾಹರ್ಟ್ಸ್ ವೇಗದಲ್ಲಿ ಒಂದಷ್ಟು ಸಲ ಏರಿಳಿದು, ಒಂದು ನ್ಯಾನೋಸೆಕೆಂಡ್ ಆಸುಪಾಸಿನಲ್ಲಿ ಮೊದಲಿನ ಜಾಗಕ್ಕೆ ಬರುತ್ತವೆ. ಜೋರು ಸರಿಹೋಯಿತು, ಎಲೆಕ್ಟ್ರಾನ್ ಸಂಖ್ಯೆ ಸರಿಹೋಯಿತು, ಫ್ರೀಕ್ವೆನ್ಸಿಯೂ ಸರಿಹೋಯಿತು. ಆದರೆ ಆ ಒಂದು ನ್ಯಾನೋಸೆಕೆಂಡು ಫ್ರೀಕ್ವೆನ್ಸಿ ಬೇರೆ ಇತ್ತಲ್ಲ, ಅಷ್ಟು ಹೊತ್ತಿನಲ್ಲಿ ಫೇಸ್ ಎಷ್ಟು ಜರುಗಿತೋ ಅದು ಜರುಗಿಯೇ ಬಿಟ್ಟಿತು. ಅಂದರೆ ಒಂದೇ ಫೋಟಾನ್ ಎರಡು ಏಟು ಕೊಡುತ್ತದೆ. ಒಂದು ನೇರವಾಗಿ, ಕೂಡಲೇ. ಇನ್ನೊಂದು ಬಳಸು ದಾರಿಯಲ್ಲಿ, ಸ್ವಲ್ಪ ತಡವಾಗಿ. ಸೆಮಿಕಂಡಕ್ಟರಿನಲ್ಲಿ ಈ ಎರಡನೇ ಏಟೇ ದೊಡ್ಡದು.

ಎಲೆಕ್ಟ್ರಾನ್‌ಗಳ ಸಂಖ್ಯೆ ಬದಲಾದಾಗ ಗೇನ್ ಎಷ್ಟು ಬದಲಾಗುತ್ತದೆ, ಸೂಚ್ಯಂಕ ಎಷ್ಟು ಬದಲಾಗುತ್ತದೆ ಅನ್ನುವುದರ ಅನುಪಾತಕ್ಕೆ ಆಲ್ಫಾ ಅಂತ ಹೆಸರು. ಲೈನ್‌ವಿಡ್ತ್ ಹಳೆಯ ಸೂತ್ರಕ್ಕಿಂತ ಒಂದು ಕೂಡಿಸು ಆಲ್ಫಾದ ವರ್ಗದಷ್ಟು ಪಟ್ಟು ದೊಡ್ಡದಾಗುತ್ತದೆ. ಆಲ್ಫಾ 5 ಆದರೆ 26 ಪಟ್ಟು. ಐದೂವರೆ ಹತ್ತಿರ ಆದರೆ 30 ಪಟ್ಟು. ನಮ್ಮ 5 ಮೆಗಾಹರ್ಟ್ಸ್ ಲೆಕ್ಕವನ್ನು 26ರಿಂದ ಗುಣಿಸಿದರೆ 130 ಬರುತ್ತದೆ. ಬೇರೆ ವಸ್ತು, ಬೇರೆ ಬಣ್ಣ, ಕೈಲೆಕ್ಕ, ಆದರೂ ಲಿಂಕನ್ ಲ್ಯಾಬಿನ ಅಂಕಿಗೆ ಎಷ್ಟು ಹತ್ತಿರ ಬಂತು ನೋಡಿ.

ಗ್ಯಾಸ್ ಲೇಸರಿನಲ್ಲಿ ಈ ಆಲ್ಫಾ ಯಾಕೆ ತಲೆನೋವಾಗಲಿಲ್ಲ? ಅಲ್ಲಿ ಪರಮಾಣುವಿನ ಗೇನ್ ರೇಖೆ ಎರಡೂ ಕಡೆ ಒಂದೇ ಥರ ಇರುತ್ತದೆ, ಲೇಸರ್ ಅದರ ಸರಿಮಧ್ಯದಲ್ಲಿ ನಡೆಯುತ್ತದೆ. ಆ ಮಧ್ಯದ ಜಾಗದಲ್ಲಿ ಗೇನ್ ಹೆಚ್ಚುಕಡಿಮೆ ಆದರೂ ಸೂಚ್ಯಂಕ ಅಲುಗಾಡುವುದಿಲ್ಲ. ಸೆಮಿಕಂಡಕ್ಟರಿನ ಗೇನ್ ರೇಖೆ ಹಾಗಿಲ್ಲ. ಒಂದು ಕಡೆ ಬ್ಯಾಂಡಿನ ಅಂಚಿನಲ್ಲಿ ಅದು ಸಟ್ಟನೆ ಮುಗಿಯುತ್ತದೆ, ಇನ್ನೊಂದು ಕಡೆ ಎಲೆಕ್ಟ್ರಾನ್ ತುಂಬಿದ ಹಾಗೆಲ್ಲ ಚಾಚಿಕೊಳ್ಳುತ್ತದೆ. ಸಮಪಾರ್ಶ್ವ ಇಲ್ಲದ ಕಡೆ ಸೂಚ್ಯಂಕ ಗೇನಿನ ಜೊತೆ ಅಂಟಿಕೊಂಡೇ ಓಡಾಡುತ್ತದೆ. ಇದೇ ಹೆನ್ರಿ 1970ರ ದಶಕದಲ್ಲಿ ರೇಮಂಡ್ ಡಿಂಗಲ್ ಜೊತೆ ಕ್ವಾಂಟಮ್ ವೆಲ್ ಲೇಸರಿನ ಕಲ್ಪನೆಗೆ ಪೇಟೆಂಟ್ ಪಡೆದಿದ್ದರು. ಎಲೆಕ್ಟ್ರಾನ್‌ಗಳನ್ನು ಕೆಲವೇ ನ್ಯಾನೋಮೀಟರ್ ದಪ್ಪದ ಪದರದಲ್ಲಿ ಕೂಡಿಹಾಕುವ ಉಪಾಯ ಅದು. ಹಾಗೆ ಮಾಡಿದರೆ ಆಲ್ಫಾ ಎರಡು ಮೂರಕ್ಕೆ ಇಳಿಯುತ್ತದೆ. ಎಲ್ಲ ದಿಕ್ಕಿನಿಂದಲೂ ಕೂಡಿಹಾಕುವ ಕ್ವಾಂಟಮ್ ಡಾಟ್‌ನಲ್ಲಿ ಎಲ್ಲ ಸರಿಯಾಗಿ ಕೂಡಿಬಂದರೆ ಒಂದಕ್ಕಿಂತಲೂ ಕೆಳಗೆ ಹೋಗುತ್ತದೆ. ಅಂದಹಾಗೆ ಲೇಸರಿನ ಕರೆಂಟನ್ನೇ ಏರಿಸಿ ಇಳಿಸಿ ಡೇಟಾ ಕಳಿಸಿದಾಗ ಬಣ್ಣವೂ ಅದರ ಜೊತೆ ಜಾರುತ್ತದಲ್ಲ, ಚರ್ಪ್ ಅನ್ನುತ್ತಾರೆ, ಅದಕ್ಕೂ ಈ ಆಲ್ಫಾವೇ ಕಾರಣ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಲೇಸರಿನ ಹುಟ್ಟುಗುಣ. ಇದರ ಮೇಲೆ ಹೊರಗಿನ ಗಲಾಟೆ ಬೇರೆ ಇದೆ. ಡಿಎಫ್‌ಬಿ ಲೇಸರಿನ ಕರೆಂಟ್ 1 ಮಿಲಿಆಂಪಿಯರ್ ಬದಲಾದರೆ ಫ್ರೀಕ್ವೆನ್ಸಿ ಸುಮಾರು 1 ಗಿಗಾಹರ್ಟ್ಸ್ ಜರುಗುತ್ತದೆ. ಅಂದರೆ ಕರೆಂಟ್ ಕೊಡುವ ಸರ್ಕ್ಯೂಟಿನಲ್ಲಿ 1 ಮೈಕ್ರೋಆಂಪಿಯರ್ ನಾಯ್ಸ್ ಇದ್ದರೆ ಸಾಕು, 1 ಮೆಗಾಹರ್ಟ್ಸ್ ಅಲುಗಾಟ ಉಚಿತವಾಗಿ ಸಿಗುತ್ತದೆ. ಬಿಸಿ ಒಂದು ಡಿಗ್ರಿ ಏರಿದರೆ 1550 ನ್ಯಾನೋಮೀಟರಿನಲ್ಲಿ 12 ಗಿಗಾಹರ್ಟ್ಸ್ ಆಸುಪಾಸು ಜರುಗುತ್ತದೆ, ಡಿಗ್ರಿಯ ಸಾವಿರದ ಒಂದು ಭಾಗ ಏರಿದರೂ 12 ಮೆಗಾಹರ್ಟ್ಸ್. ಒಳ್ಳೆಯ ಲೇಸರಿಗೆ ದುಡ್ಡು ಸುರಿದು ಅಗ್ಗದ ಕರೆಂಟ್ ಡ್ರೈವರ್ ಹಾಕಿದವರು ಅನುಭವಿಸುವುದು ಇದನ್ನೇ. ಇದರ ಜೊತೆಗೆ ಫ್ಲಿಕರ್ ನಾಯ್ಸ್ ಇದೆ. ನಿಧಾನವಾದಷ್ಟೂ ಜೋರಾಗುವ ಅಲುಗಾಟ ಅದು. ಪವರ್ ಏರಿಸಿದರೆ ಲೈನ್‌ವಿಡ್ತ್ ಇಳಿಯುತ್ತದೆ ಅಂದೆನಲ್ಲ, ನಿಜವಾದ ಲೇಸರುಗಳಲ್ಲಿ ಒಂದು ಮಟ್ಟದ ನಂತರ ಅದು ಇಳಿಯುವುದು ನಿಂತುಬಿಡುತ್ತದೆ, ಕೆಲವದರಲ್ಲಿ ಮತ್ತೆ ಏರುವುದಕ್ಕೂ ಶುರುವಾಗುತ್ತದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಡೇಟಾಶೀಟಿನಲ್ಲಿ ಲೈನ್‌ವಿಡ್ತ್ 100 ಕಿಲೋಹರ್ಟ್ಸ್ ಅಂತ ಬರೆದಿರುತ್ತಾರೆ. ಎಷ್ಟು ಹೊತ್ತು ನೋಡಿದಾಗ? ಅದನ್ನು ಹೇಳದೆ ಆ ಅಂಕಿಗೆ ಪೂರ್ತಿ ಅರ್ಥವಿಲ್ಲ. ಸ್ವಯಂ ಉತ್ಸರ್ಜನೆಯಿಂದ ಬರುವ ಫ್ರೀಕ್ವೆನ್ಸಿ ನಾಯ್ಸ್ ಬಿಳಿ ನಾಯ್ಸ್, ಅಂದರೆ ನಿಧಾನದ ಅಲುಗಾಟದಲ್ಲೂ ವೇಗದ ಅಲುಗಾಟದಲ್ಲೂ ಒಂದೇ ಮಟ್ಟ. ಅದರಿಂದ ಸ್ಪೆಕ್ಟ್ರಮ್ ಗುಡ್ಡ ಲೊರೆಂಟ್ಸ್ ಆಕಾರಕ್ಕೆ ಬರುತ್ತದೆ, ಉದ್ದನೆಯ ಬಾಲಗಳಿರುವ ಆಕಾರ. ಆ ಮಟ್ಟವನ್ನು ಪೈ ಇಂದ ಗುಣಿಸಿದರೆ ಸಿಗುವುದೇ ಮೂಲ ಲೈನ್‌ವಿಡ್ತ್, ಅದಕ್ಕೆ ಇಂಟ್ರಿನ್ಸಿಕ್ ಲೈನ್‌ವಿಡ್ತ್ ಅನ್ನುತ್ತಾರೆ. ಎಷ್ಟು ಹೊತ್ತು ನೋಡಿದರೂ ಇದು ಅಷ್ಟೇ ಇರುತ್ತದೆ. ಆದರೆ ಫ್ಲಿಕರ್ ನಾಯ್ಸ್, ಬಿಸಿಯ ಏರಿಳಿತ, ಕಟ್ಟಡದ ನಡುಕ ಇವೆಲ್ಲ ನಿಧಾನದವು. ಇವು ಇಡೀ ಗುಡ್ಡವನ್ನೇ ಎತ್ತಿಕೊಂಡು ಅತ್ತಿತ್ತ ಓಡಾಡಿಸುತ್ತವೆ. ಒಂದು ಮಿಲಿಸೆಕೆಂಡ್ ನೋಡಿದರೆ ಒಂದು ಅಗಲ, ಒಂದು ಸೆಕೆಂಡ್ ನೋಡಿದರೆ ಅದಕ್ಕಿಂತ ದೊಡ್ಡ ಅಗಲ. ಹಾಗಾಗಿ ಒಂದೇ ಲೇಸರನ್ನು ಒಬ್ಬರು 5 ಕಿಲೋಹರ್ಟ್ಸ್ ಅಂತಲೂ ಇನ್ನೊಬ್ಬರು 200 ಕಿಲೋಹರ್ಟ್ಸ್ ಅಂತಲೂ ಹೇಳಬಹುದು, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪೂರ್ತಿ ಚಿತ್ರ ಬೇಕಾದರೆ ಫ್ರೀಕ್ವೆನ್ಸಿ ನಾಯ್ಸಿನ ಗ್ರಾಫ್ ನೋಡಬೇಕು: ಎಡಗಡೆ ನಿಧಾನದ ಗಲಾಟೆಯ ಇಳಿಜಾರು, ಆಮೇಲೆ ಬಿಳಿ ನಾಯ್ಸಿನ ಸಮತಟ್ಟು, ಬಲಗಡೆ ಕೆಲವು ಗಿಗಾಹರ್ಟ್ಸ್ ಹತ್ತಿರ ಒಂದು ಉಬ್ಬು. ಆ ಉಬ್ಬು ನಾನು ಹೇಳಿದ ಎಲೆಕ್ಟ್ರಾನ್-ಬೆಳಕಿನ ಏರಿಳಿತದ್ದು. ಅದನ್ನು ದಾಟಿದ ಮೇಲೆ ನಾಯ್ಸ್ ಕೆಳಗಿಳಿದು ಶಾಲೋ-ಟೌನ್ಸ್ ಮಟ್ಟಕ್ಕೆ ಬರುತ್ತದೆ, ಯಾಕೆಂದರೆ ಅಷ್ಟು ವೇಗಕ್ಕೆ ಆ ಎರಡನೇ ಏಟು ಹಿಂಬಾಲಿಸಿ ಬರಲಾರದು.

ಇದನ್ನು ಅಳೆಯುವುದೂ ಸುಲಭವಲ್ಲ. ಲ್ಯಾಬಿನಲ್ಲಿರುವ ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಸರ್ 0.02 ನ್ಯಾನೋಮೀಟರ್ ತನಕ ಬೇರ್ಪಡಿಸಿ ತೋರಿಸಬಹುದು. ಅದು 2.5 ಗಿಗಾಹರ್ಟ್ಸ್. ಅದರಲ್ಲಿ 1 ಮೆಗಾಹರ್ಟ್ಸ್ ಲೇಸರ್ ಹಾಕಿದರೆ ಕಾಣುವುದು ಯಂತ್ರದ್ದೇ ಅಗಲ, ಲೇಸರಿನದ್ದಲ್ಲ. 1980ರಲ್ಲಿ ಜಪಾನಿನ ಓಕೋಶಿ, ಕಿಕುಚಿ, ನಕಯಾಮ ಇದಕ್ಕೆ ಒಂದು ಜಾಣ ದಾರಿ ತೋರಿಸಿದರು. ಲೇಸರ್ ಬೆಳಕನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಹತ್ತಾರು ಕಿಲೋಮೀಟರ್ ಫೈಬರ್ ಸುರುಳಿಯಲ್ಲಿ ಸುತ್ತಿಸಿ ತಡ ಮಾಡಿ. ಇನ್ನೊಂದನ್ನು ಶಬ್ದದ ಅಲೆಯಿಂದ ನಡೆಯುವ ಒಂದು ಮಾಡ್ಯುಲೇಟರಿನಲ್ಲಿ ಹಾಯಿಸಿ ಫ್ರೀಕ್ವೆನ್ಸಿಯನ್ನು ಸ್ವಲ್ಪ ಜರುಗಿಸಿ, 80 ಮೆಗಾಹರ್ಟ್ಸ್ ಅನ್ನಿ. ಎರಡನ್ನೂ ಫೋಟೋಡಯೋಡಿನ ಮೇಲೆ ಸೇರಿಸಿದರೆ 80 ಮೆಗಾಹರ್ಟ್ಸ್‌ನಲ್ಲಿ ಒಂದು ಗುಡ್ಡ ಕಾಣುತ್ತದೆ, ಅದನ್ನು ಮಾಮೂಲಿ ರೇಡಿಯೋ ಅನಲೈಸರಿನಲ್ಲೇ ನೋಡಬಹುದು. ತಡವಾಗಿ ಬಂದ ಬೆಳಕು ಹಳೆಯ ಫೇಸನ್ನು ಹೊತ್ತು ತಂದಿರುತ್ತದೆ. ತಡ ಸಾಕಷ್ಟು ಇದ್ದರೆ ಹಳೆಯದಕ್ಕೂ ಹೊಸದಕ್ಕೂ ಸಂಬಂಧವೇ ಉಳಿದಿರುವುದಿಲ್ಲ, ಎರಡು ಬೇರೆ ಲೇಸರುಗಳನ್ನು ಬೆರೆಸಿದ ಹಾಗೆ ಆಗುತ್ತದೆ. ಅದಕ್ಕೇ ಗುಡ್ಡದ ಅಗಲ ಲೈನ್‌ವಿಡ್ತ್‌ನ ಎರಡು ಪಟ್ಟು ಇರುತ್ತದೆ.

ಸಮಸ್ಯೆ ಇರುವುದು ತಡದಲ್ಲಿ. 10 ಕಿಲೋಮೀಟರ್ ಫೈಬರ್ ಅಂದರೆ 50 ಮೈಕ್ರೋಸೆಕೆಂಡ್ ತಡ, ಅದರಲ್ಲಿ ನೆಚ್ಚಿಕೊಂಡು ಅಳೆಯಬಹುದಾದ್ದು 20 ಕಿಲೋಹರ್ಟ್ಸ್ ತನಕ. 1 ಕಿಲೋಹರ್ಟ್ಸ್ ಲೇಸರಿಗೆ 200 ಕಿಲೋಮೀಟರ್ ಬೇಕು. ತಡ ಕಡಿಮೆಯಾದರೆ ಗುಡ್ಡದ ನಡುವೆ ಒಂದು ಚೂಪು ಮುಳ್ಳು ಏಳುತ್ತದೆ, ಎರಡೂ ಬದಿ ಅಲೆಅಲೆಯಾಗಿ ಕಾಣುತ್ತದೆ. ತಡ ಜಾಸ್ತಿ ಮಾಡಿದರೆ ಫ್ಲಿಕರ್ ನಾಯ್ಸ್ ಒಳಗೆ ಬಂದು ಗುಡ್ಡದ ತಲೆಯನ್ನು ದುಂಡಗೆ ಮಾಡಿಬಿಡುತ್ತದೆ. ಆಗ ಅರ್ಧ ಎತ್ತರದಲ್ಲಿ ಅಳೆದರೆ ಉತ್ತರ ತಪ್ಪು. ಬಳಕೆಯಲ್ಲಿರುವ ಉಪಾಯ ಏನೆಂದರೆ ತುದಿಯಿಂದ 20 ಡೆಸಿಬೆಲ್ ಕೆಳಗೆ, ಅಂದರೆ ಎತ್ತರದ ನೂರನೇ ಒಂದು ಭಾಗಕ್ಕೆ ಇಳಿದು ಅಲ್ಲಿ ಅಗಲ ಅಳೆದು 20ರಿಂದ ಭಾಗಿಸುವುದು. ಬಾಲದಲ್ಲಿ ಇನ್ನೂ ಬಿಳಿ ನಾಯ್ಸಿನ ಆಕಾರವೇ ಉಳಿದಿರುತ್ತದೆ, ಹಾಗಾಗಿ ಮೂಲ ಲೈನ್‌ವಿಡ್ತ್‌ಗೆ ಹತ್ತಿರದ ಅಂಕಿ ಸಿಗುತ್ತದೆ. ಇದು ಗೊತ್ತಿಲ್ಲದೆ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಒಳ್ಳೆಯ ಲೇಸರನ್ನು ಕೆಟ್ಟದ್ದು ಅಂದುಕೊಳ್ಳುವುದು ತೀರಾ ಸುಲಭ.

ಎಷ್ಟು ಲೈನ್‌ವಿಡ್ತ್ ಇದ್ದರೆ ಸಾಕು ಅನ್ನುವುದು ಕೆಲಸದ ಮೇಲೆ ಹೋಗುತ್ತದೆ. ನಗರದಿಂದ ನಗರಕ್ಕೆ ಹೋಗುವ ದೊಡ್ಡ ಫೈಬರ್ ಲಿಂಕುಗಳಲ್ಲಿ ಈಗ ಡೇಟಾ ಇರುವುದು ಬೆಳಕಿನ ಫೇಸಿನಲ್ಲೇ. ಕ್ಯೂಪಿಎಸ್‌ಕೆ ಅನ್ನುವ ಪದ್ಧತಿಯಲ್ಲಿ ನಾಲ್ಕು ದಿಕ್ಕು, ಹಾಗಾಗಿ 45 ಡಿಗ್ರಿ ತನಕ ತಿರುಗಿದರೂ ಯಾವ ದಿಕ್ಕು ಅಂತ ಗುರುತಿಸಬಹುದು. ದಿಕ್ಕಿನ ಜೊತೆ ಜೋರನ್ನೂ ಬಳಸಿ ಹದಿನಾರು ಬಿಂದು ಮಾಡುವ 16-ಕ್ಯುಎಎಂನಲ್ಲಿ ಕೆಲವು ಬಿಂದುಗಳು ಹತ್ತಿರ ಇರುವುದರಿಂದ ಆ ಸಲಿಗೆ 18 ಡಿಗ್ರಿಗೆ ಇಳಿಯುತ್ತದೆ. ಕಳಿಸುವ ಕಡೆ ಒಂದು ಲೇಸರ್, ಪಡೆಯುವ ಕಡೆ ಇನ್ನೊಂದು, ಎರಡರ ಅಲೆದಾಟವೂ ಕೂಡುತ್ತದೆ. ಸೆಕೆಂಡಿಗೆ 3,200 ಕೋಟಿ ಸಿಂಬಲ್ (ಒಂದೊಂದು ಸಲ ಕಳಿಸುವ ಬಿಂದು) ಹೋಗುತ್ತಿದ್ದು ಎರಡೂ ಲೇಸರ್ ತಲಾ 100 ಕಿಲೋಹರ್ಟ್ಸ್ ಇದ್ದರೆ, ಒಂದು ಸಿಂಬಲ್‌ನಿಂದ ಇನ್ನೊಂದಕ್ಕೆ ಫೇಸ್ ಜರುಗುವುದು ಡಿಗ್ರಿಯ ಮೂರನೇ ಒಂದು ಭಾಗ. ಚಿಪ್ಪಿನಲ್ಲಿರುವ ಡಿಜಿಟಲ್ ಲೆಕ್ಕ ಇದನ್ನು ಆರಾಮಾಗಿ ಹಿಂಬಾಲಿಸುತ್ತದೆ. ತಲಾ 5 ಮೆಗಾಹರ್ಟ್ಸ್ ಇದ್ದರೆ ಸಿಂಬಲ್‌ಗೆ ಎರಡೂವರೆ ಡಿಗ್ರಿ, ನೂರು ಸಿಂಬಲ್ ಕಳೆಯುವಷ್ಟರಲ್ಲಿ 25 ಡಿಗ್ರಿ, ಅಲ್ಲಿಗೆ ಕತೆ ಮುಗಿಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ಮೂಲ ಲೈನ್‌ವಿಡ್ತ್. ನಿಧಾನದ ಅಲೆದಾಟ ಎಷ್ಟಿದ್ದರೂ ಡಿಜಿಟಲ್ ಲೆಕ್ಕ ಅದನ್ನು ಹಿಡಿದುಬಿಡುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಸಿಂಬಲ್ ವೇಗ ಹೆಚ್ಚಾದಷ್ಟೂ ಒಂದೊಂದು ಸಿಂಬಲ್‌ನ ಹೊತ್ತು ಕಡಿಮೆ, ಹಾಗಾಗಿ ಫೇಸ್ ನಾಯ್ಸ್ ಕಾಟ ಕಡಿಮೆಯಾಗಬೇಕು. ಗಿಡ್ಡ ದೂರಕ್ಕೆ ಅದು ನಿಜ. ಸಾವಿರಾರು ಕಿಲೋಮೀಟರ್ ಲಿಂಕಿನಲ್ಲಿ ಉಲ್ಟಾ. ಫೈಬರ್ ಬೆಳಕಿನ ಪಲ್ಸನ್ನು ಹರಡಿಬಿಡುತ್ತದೆ, ಪಡೆಯುವ ಕಡೆ ಡಿಜಿಟಲ್ ಫಿಲ್ಟರ್ ಅದನ್ನು ಮತ್ತೆ ಕೂಡಿಸಬೇಕು. ಕಳಿಸುವ ಲೇಸರಿನ ನಾಯ್ಸ್ ಹರಡುವಿಕೆಯನ್ನೂ ಕೂಡಿಸುವಿಕೆಯನ್ನೂ ಎರಡನ್ನೂ ಹಾದು ಬರುತ್ತದೆ, ಹಾಗಾಗಿ ಒಂದಕ್ಕೊಂದು ಸರಿಹೋಗುತ್ತದೆ. ಪಡೆಯುವ ಕಡೆಯ ಲೇಸರಿನ ನಾಯ್ಸ್ ಫೈಬರಿನಲ್ಲಿ ಹೋಗಿಯೇ ಇಲ್ಲ, ಆದರೂ ಫಿಲ್ಟರಿನಲ್ಲಿ ಸಿಕ್ಕಿಹಾಕಿಕೊಂಡು ಹರಡಿಕೊಳ್ಳುತ್ತದೆ, ಜೋರಿನ ನಾಯ್ಸ್ ಆಗಿಯೂ ಬದಲಾಗುತ್ತದೆ. ದೂರವೂ ವೇಗವೂ ಹೆಚ್ಚಾದಷ್ಟು ಇದು ಹೆಚ್ಚು.

ಫ್ರೀಕ್ವೆನ್ಸಿಯನ್ನು ಏರಿಸುತ್ತಾ ಹೋಗಿ ದೂರ ಅಳೆಯುವ ಲೈಡಾರ್‌ನಲ್ಲಿ ಲೆಕ್ಕ ಸರಳ. 150 ಮೀಟರ್ ದೂರದ ಕಾರಿಗೆ ಬಡಿದು ಬರುವ ಬೆಳಕು 300 ಮೀಟರ್ ಓಡಿರುತ್ತದೆ. 1 ಮೆಗಾಹರ್ಟ್ಸ್ ಲೇಸರ್ ತನ್ನ ಫೇಸನ್ನು ನೆನಪಿಟ್ಟುಕೊಳ್ಳುವುದು 95 ಮೀಟರ್ ತನಕ ಮಾತ್ರ. 100 ಕಿಲೋಹರ್ಟ್ಸ್ ಆದರೆ ಹತ್ತಿರ ಹತ್ತಿರ 1 ಕಿಲೋಮೀಟರ್. ಪರಮಾಣುಗಳನ್ನು ತಣ್ಣಗೆ ಮಾಡುವ ಪ್ರಯೋಗಗಳಲ್ಲಿ, ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಐಐಎಸ್‌ಸಿಯಲ್ಲೂ ಇಂಥ ಕೆಲಸ ನಡೆದಿದೆ, ರುಬಿಡಿಯಂನ 780 ನ್ಯಾನೋಮೀಟರ್ ಗೆರೆಯ ಅಗಲವೇ 6 ಮೆಗಾಹರ್ಟ್ಸ್. ಲೇಸರ್ ಅದಕ್ಕಿಂತ ಚೆನ್ನಾಗಿ ಸಣ್ಣದಿದ್ದರೆ ಸಾಕು, ಆದರೆ ಗಂಟೆಗಟ್ಟಲೆ ಅದೇ ಜಾಗದಲ್ಲಿ ನಿಂತಿರಬೇಕು. ಇಲ್ಲಿ ನಿಧಾನದ ಅಲೆದಾಟವೇ ವಿಲನ್.

ಹಾಗಾದರೆ ಲೈನ್‌ವಿಡ್ತ್ ಕಡಿಮೆ ಮಾಡುವುದು ಹೇಗೆ? ಎಲ್ಲ ದಾರಿಗಳೂ ಕೊನೆಗೆ ಹೋಗುವುದು ಒಂದೇ ಕಡೆಗೆ: ಫೋಟಾನನ್ನು ಜಾಸ್ತಿ ಹೊತ್ತು ಒಳಗೆ ಇಟ್ಟುಕೊಳ್ಳಿ. ಚಿಪ್ಪಿನ ಒಂದು ಮುಖದಿಂದ ಹೊರಬಂದ ಬೆಳಕನ್ನು 10 ಸೆಂಟಿಮೀಟರ್ ದೂರದ ಗ್ರೇಟಿಂಗ್‌ನಿಂದ (ಸಣ್ಣ ಸಣ್ಣ ಗೆರೆ ಕೊರೆದ ಕನ್ನಡಿಯಿಂದ) ವಾಪಸ್ ಕಳಿಸಿದರೆ ಲೇಸರ್ ನೂರು ಪಟ್ಟು ಉದ್ದವಾದ ಹಾಗೆ, ಮೂಲ ಲೈನ್‌ವಿಡ್ತ್ ಹತ್ತು ಸಾವಿರ ಪಟ್ಟು ಇಳಿಯಬೇಕು. ಕಾಗದದ ಮೇಲೆ ಮೆಗಾಹರ್ಟ್ಸ್ ಹೋಗಿ ನೂರು ಹರ್ಟ್ಸ್ ಆಯಿತು. ಲ್ಯಾಬಿನಲ್ಲಿ ನೋಡುವ ಅಗಲ ಮಾತ್ರ ಹತ್ತಾರು, ನೂರಾರು ಕಿಲೋಹರ್ಟ್ಸ್. ಗ್ರೇಟಿಂಗ್ ಹಿಡಿದ ಲೋಹದ ತುಂಡು ನಡುಗುತ್ತದೆ, ಮೇಜು ನಡುಗುತ್ತದೆ, ಪಕ್ಕದಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ಸಿಗ್ನಲ್ ಅಲುಗಾಡುತ್ತದೆ. ಹುಟ್ಟುಗುಣ ತಿದ್ದಿದಿರಿ, ಹೊರಗಿನ ಗಲಾಟೆ ಮುಂದೆ ಬಂದು ನಿಂತಿತು. ಆಗ ಲೇಸರನ್ನು ಒಂದು ಗಟ್ಟಿ ಗಾಜಿನ ಕ್ಯಾವಿಟಿಗೆ (ಎದುರುಬದುರು ಕನ್ನಡಿಗಳ ನಡುವಿನ ಗೂಡಿಗೆ) ಕಟ್ಟಿಹಾಕಬೇಕಾಗುತ್ತದೆ. ಡ್ರೆವರ್, ಹಾಲ್ ಮತ್ತು ಜೊತೆಗಾರರು 1983ರಲ್ಲಿ ತೋರಿಸಿದ, ಪೌಂಡ್ ಎಂಬ ವಿಜ್ಞಾನಿಯ ಹೆಸರನ್ನೂ ಸೇರಿಸಿ ಕರೆಯುವ ವಿಧಾನವೇ ಇವತ್ತಿಗೂ ಅದಕ್ಕೆ ಬಳಕೆಯಲ್ಲಿದೆ.

ಬೆಳಕನ್ನು ವಾಪಸ್ ಕಳಿಸುವುದು ಒಳ್ಳೆಯದು ಅಂದೆ. ಆದರೆ ಬೇಡದ ಕಡೆಯಿಂದ, ಒಂದು ಕೊಳೆ ಹಿಡಿದ ಕನೆಕ್ಟರಿನಿಂದ, ಬೆಳಕಿನ ಹತ್ತು ಸಾವಿರದ ಒಂದು ಭಾಗ ವಾಪಸ್ ಬಂದರೂ ಲೇಸರ್ ಹುಚ್ಚು ಹಿಡಿದ ಹಾಗೆ ಆಡಬಹುದು. ಫೇಸ್ ಪೂರ್ತಿ ಚೆಲ್ಲಾಪಿಲ್ಲಿಯಾಗಿ ಲೈನ್‌ವಿಡ್ತ್ ಗಿಗಾಹರ್ಟ್ಸ್‌ಗಳಿಗೆ ಏರುತ್ತದೆ. 1980ರ ದಶಕದಲ್ಲೇ ಇದಕ್ಕೆ ಕೊಹೆರೆನ್ಸ್ ಕೊಲ್ಯಾಪ್ಸ್ ಅಂತ ಹೆಸರು ಬಿದ್ದಿದೆ. ಇಲ್ಲೂ ಆಲ್ಫಾದ ಕೈ ಇದೆ: ಆಲ್ಫಾ ದೊಡ್ಡದಿದ್ದಷ್ಟೂ ಲೇಸರ್ ಬೇಗ ಕೆಡುತ್ತದೆ. ಅದಕ್ಕೇ ಒಳ್ಳೆಯ ಲೇಸರ್ ಪ್ಯಾಕೇಜಿನಲ್ಲಿ ಬೆಳಕನ್ನು ಒಂದೇ ಕಡೆ ಬಿಡುವ ಐಸೊಲೇಟರ್ ಇದ್ದೇ ಇರುತ್ತದೆ.

ಇತ್ತೀಚಿನ ದಾರಿ ಏನೆಂದರೆ ಲೇಸರ್ ಚಿಪ್ಪಿನ ಮುಂದೆ ಸಿಲಿಕಾನ್ ನೈಟ್ರೈಡ್‌ನ ಒಂದು ಪುಟ್ಟ ಉಂಗುರ ಕೂರಿಸುವುದು. ಬೆಳಕು ಆ ಉಂಗುರದಲ್ಲಿ ಲಕ್ಷಗಟ್ಟಲೆ ಕಂಪನಗಳಷ್ಟು ಹೊತ್ತು ಸುತ್ತುತ್ತದೆ, ಅದರಲ್ಲಿ ಸ್ವಲ್ಪ ವಾಪಸ್ ಬಂದು ಲೇಸರನ್ನು ತನ್ನ ಹಿಡಿತಕ್ಕೆ ತಗೊಳ್ಳುತ್ತದೆ. ಮಾಮೂಲಿ ಡಿಎಫ್‌ಬಿ ಲೇಸರಿನ ಮೂಲ ಲೈನ್‌ವಿಡ್ತ್ ಹೀಗೆ ಹರ್ಟ್ಸ್‌ಗಳ ಮಟ್ಟಕ್ಕೂ ಇಳಿದಿದೆ. ಆದರೆ ಉಂಗುರ ಚಿಕ್ಕದಾದಷ್ಟೂ ಅದರ ಬಿಸಿ ತಾನಾಗಿಯೇ ಏರಿಳಿಯುವುದು ಜಾಸ್ತಿ, ಎಷ್ಟೇ ಒಳ್ಳೆಯ ಕಂಟ್ರೋಲರ್ ಹಾಕಿದರೂ ಇದು ನಿಲ್ಲುವುದಿಲ್ಲ, ಅದರ ಜೊತೆ ಫ್ರೀಕ್ವೆನ್ಸಿಯೂ ನಿಧಾನವಾಗಿ ಅಲೆಯುತ್ತದೆ. ಇದಕ್ಕೂ ಮದ್ದು ಬೆಳಕಿಗೆ ಹೆಚ್ಚು ಜಾಗ ಕೊಡುವುದೇ. 2022ರಲ್ಲಿ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಚಿಪ್ಪಿನ ಮೇಲೆ 4 ಮೀಟರ್ ಉದ್ದದ ದಾರಿಯನ್ನು ಸುರುಳಿ ಸುತ್ತಿ, ಅದಕ್ಕೆ ಲೇಸರ್ ಕಟ್ಟಿ 36 ಹರ್ಟ್ಸ್ ತೋರಿಸಿದರು. ಅದು ಇಂಟಿಗ್ರಲ್ ಲೈನ್‌ವಿಡ್ತ್, ನಿಧಾನದ ಅಲೆದಾಟವನ್ನೂ ಸೇರಿಸಿಕೊಂಡು ಹೇಳಿದ ಅಂಕಿ.